ತ್ಯಾಂಪಣ್ಣ ರೈಗಳ ಮೀನು, ಗೋದಾವರಿಯಮ್ಮನ ಹಾಳೆ

ಪಂಜದಿಂದ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ಆ ಕಾಲದಲ್ಲಿ ಎಷ್ಟೇ ಜನ ಇದ್ದರೂ ಒಂದು ಸೀಟು ಖಾಲಿ ಸಿಗುತ್ತಿತ್ತು. ಅದು ತ್ಯಾಂಪಣ್ಣ ರೈಗಳ ಪಕ್ಕದ ಸೀಟು. ಅವರ ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಚೀಲದಲ್ಲಿ ಕೆಂಡದಲ್ಲಿ ಸುಟ್ಟ ಒಣ ಬಂಗುಡೆಯ ಚೂರುಗಳು ಯಾವತ್ತೂ ಇರುತ್ತಿದ್ದವು. ತಿನ್ನುವುದು ಅವರಲ್ಲ, ಅವರ ನಾಯಿಗಳು. ಆದರೆ ವಾಸನೆಗೆ ಆ ಭೇದ ಗೊತ್ತಾಗಬೇಕಲ್ಲ.

"ನಿಮ್ಮ ಅಂಗಿ ಒಗೆದ ಕಲ್ಲನ್ನು ಬೆಕ್ಕು ಬಂದು ನೆಕ್ಕುತ್ತದೆ ಗೊತ್ತುಂಟಾ?" ಎಂದು ಹೆಂಡತಿ ವಾರಿಜಾಕ್ಷಿ ದೂರಿದರೆ, "ನೆಕ್ಕಲಿ ಮಾರಾಯ್ತಿ, ಕಲ್ಲೇನು ಸವೆಯುದಿಲ್ಲ" ಎನ್ನುತ್ತಿದ್ದರು ರೈಗಳು.

ಈ ಮೀನಿನ ವಿದ್ಯೆ ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹರೆಯದಲ್ಲಿ ಊರವರ ಜೊತೆ ಹಂದಿ ಬೇಟೆಗೆ ಹೋಗುವಾಗ ಅವರ ಕಣ್ಣು ಹಂದಿಗಿಂತ ಹೆಚ್ಚು ನಾಯಿಗಳ ಮೇಲೆಯೇ. ಹಂದಿ ಬಿದ್ದ ಜಾಗದಲ್ಲಿಯೇ ಪಾಲು ಸಿಕ್ಕಿದ ನಾಯಿ ಮುಂದಿನ ಸಲ ಎಲ್ಲರಿಗಿಂತ ಮೊದಲು ಪೊದೆಗೆ ನುಗ್ಗುತ್ತಿತ್ತು. ಮಾಂಸ ಮನೆಗೆ ತಂದು ಹಂಚಿದ ಮೇಲೆ, ಕೊನೆಗೆ ಯಾರಿಗೋ ನೆನಪಾಗಿ ಪಾಲು ಸಿಕ್ಕಿದ ನಾಯಿ ಬೇಟೆಯ ದಿನ ಆಳುಗಳ ಕಾಲಡಿಯಲ್ಲೇ ಸುಳಿಯುತ್ತಿತ್ತು. ಯಾಕೆ ಹೀಗೆ ಎಂದು ತ್ಯಾಂಪಣ್ಣ ತಲೆ ಕೆಡಿಸಿಕೊಂಡರು. ತಮ್ಮದೇ ಎರಡು ಮರಿಗಳನ್ನು ಬೇರೆ ಬೇರೆ ಕ್ರಮದಲ್ಲಿ ಸಾಕಿ ನೋಡಿದರು. ಕೆಲಸಕ್ಕೂ ತುತ್ತಿಗೂ ನಡುವೆ ಹೊತ್ತು ಹೋದರೆ ನಾಯಿಗೆ ಲೆಕ್ಕ ತಪ್ಪುತ್ತದೆ ಎಂಬುದು ಅವರಿಗೆ ತಿಳಿದದ್ದು ಹಾಗೆ. ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಾಯಿಯ ಮಿದುಳು ಇರುವುದೇ ಹೊಟ್ಟೆಯಲ್ಲಿ ಎಂದು ಅವರು ತೀರ್ಮಾನಿಸಿಬಿಟ್ಟರು. ಆ ಹೆಜ್ಜೆ ಸ್ವಲ್ಪ ಉದ್ದವಾಯಿತೋ ಏನೋ.

ಆಮೇಲೆ ಕಾನೂನು ಬಂತು, ಬೇಟೆ ನಿಂತಿತು. ಊರಿನ ಬೇಟೆನಾಯಿಗಳೆಲ್ಲ ಜಗಲಿಯಲ್ಲಿ ನೊಣ ಹೊಡೆಯುತ್ತ ಮಲಗಿದವು. ರೈಗಳ ನಾಯಿಗಳಿಗೆ ಮಾತ್ರ ಬೇರೆ ಉದ್ಯೋಗ ಸಿಕ್ಕಿತು. ತೋಟಗಳಿಗೆ ಕೊಕ್ಕೋ ಗಿಡ ಬಂದಿತ್ತು. ಅದರ ಹಣ್ಣಿನ ಸಿಹಿ ನಮ್ಮವರಿಗೆ ಗೊತ್ತಾಗುವ ಮೊದಲೇ ಮಂಗಗಳಿಗೆ ಗೊತ್ತಾಗಿತ್ತು. ಕರೆದರೆ ಬರುವುದಕ್ಕೆ ಒಂದು ಚೂರು ಮೀನು, ಮಂಗನ ಕೂಗಿಗೆ ಬೊಗಳಿ ಓಡುವುದಕ್ಕೆ ಒಂದು ಚೂರು, ಕರುವಿನ ಬಳಿ ಸುಮ್ಮನಿರುವುದಕ್ಕೆ ಇನ್ನೊಂದು ಚೂರು, ಹೀಗೆ ಕಲಿಸಿದ ನಾಯಿಗಳಿಗೆ ಸುಳ್ಯದಿಂದಲೂ ಕಡಬದಿಂದಲೂ ಜನ ಕೇಳಿಕೊಂಡು ಬಂದರು. ನಾಯಿ ಬೇಕಾದರೆ ತ್ಯಾಂಪಣ್ಣ ರೈಗಳಲ್ಲಿ ಕೇಳು ಎಂಬ ಮಾತು ಕಿವಿಗೆ ಬಿದ್ದ ದಿನ ಅವರು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದರು.

ನೆಟ್ಟಣದಲ್ಲಿ ರೈಲು ಕೂಗಲು ಸುರುವಾಗಿ ಹೆಚ್ಚು ಸಮಯ ಆಗಿರಲಿಲ್ಲ. ಒಂದು ದಿನ ಪಂಜದ ಕಿಟ್ಟಣ್ಣನ ಹೋಟೆಲಿನಲ್ಲಿ ಮಹಾಗಣಪತಿ ಭಟ್ಟರು ಸಿಕ್ಕಿದರು. ಗುಡ್ಡದ ಆಚೆ ಬದಿಯಲ್ಲಿ ಅವರ ತೋಟ. ಭಟ್ಟರ ಮುಖ ಸಪ್ಪೆಯಾಗಿತ್ತು.

"ಗರ್ನಾಲು ಪಟಾಕಿ ಹೊಡೆದದ್ದಾಯಿತು, ಡಬ್ಬ ಬಡಿದದ್ದಾಯಿತು. ಮಂಗಗಳು ಈಗ ಡಬ್ಬದ ತಾಳಕ್ಕೆ ಸರಿಯಾಗಿ ತಿನ್ನುತ್ತವೆ ರೈಗಳೇ. ಒಂದು ನಾಯಿ ಕೊಡಿ."

"ನಮ್ಮ ಕೆಂಚನನ್ನು ಕೊಂಡುಹೋಗಿ. ಕೆಲಸ ಮಾಡಿದ ಕೂಡಲೇ ತಿನ್ನಲು ಎಂತಾದರೂ ಕೊಡಬೇಕು, ಅಷ್ಟೆ."

ಗಾಜಿನ ಲೋಟ ತೊಳೆಯುತ್ತಿದ್ದ ಕಿಟ್ಟಣ್ಣ ಕೊಂಕು ತೆಗೆದ. "ಅದು ರೈಗಳ ಮನೆಯ ನಾಯಿ. ಬೇರೆಯವರ ಮನೆಯಲ್ಲಿ ಕೆಲಸ ಮಾಡ್ತದಾ? ಮಾಡದಿದ್ದರೆ?"

ಹೋಟೆಲಿನ ಬೆಂಚುಗಳೆಲ್ಲ ತುಂಬಿದ್ದವು. ಎಲ್ಲರೂ ಇವರತ್ತ ತಿರುಗಿದರು. ರೈಗಳಿಗೆ ರೋಷ ಉಕ್ಕಿತು.

"ಮಾಡದಿದ್ದರೆ ಇನ್ನು ಈ ತ್ಯಾಂಪಣ್ಣನ ಅಂಗಳದಲ್ಲಿ ನಾಯಿ ಇಲ್ಲ. ಇದ್ದದ್ದನ್ನೂ ಕೇಳಿದವರಿಗೆ ಕೊಟ್ಟುಬಿಡುದು. ಸಾಕಾ?"

"ಸಾಕು ಸಾಕು, ನಾವೆಲ್ಲ ಕೇಳಿದ್ದೇವೆ" ಎಂದ ಕಿಟ್ಟಣ್ಣ.

ಕೆಂಚ ಭಟ್ಟರ ಮನೆಗೆ ಹೋದ. ಕೆಲವು ವಾರ ಕಳೆದ ಮೇಲೆ ರೈಗಳು ಹೋಟೆಲಿಗೆ ಬಂದರೆ ಕಿಟ್ಟಣ್ಣ ಚಾದ ಜೊತೆಗೆ ಸುದ್ದಿಯನ್ನೂ ತಂದಿಟ್ಟ. "ನಿಮ್ಮ ಕೆಂಚ ಭಾರಿ ಸುಖದಲ್ಲಿ ಉಂಟಂತೆ. ಮಂಗ ಮರದಲ್ಲಿ ತಿನ್ನುದು, ಅವ ನೆರಳಲ್ಲಿ ಮಲಗುದು. ಇಬ್ಬರಿಗೂ ಜಗಳವೇ ಇಲ್ಲ. ನಿಮ್ಮ ಆ ಕಪ್ಪು ಹೆಣ್ಣು ನಾಯಿ ಉಂಟಲ್ಲ, ಅದನ್ನು ನನಗೇ ಕೊಡಿ, ಆಯಿತಾ?"

ಚಾ ಕುಡಿದು ಮುಗಿಸುವ ಮನಸ್ಸಾಗಲಿಲ್ಲ. ಬಿಸಿಲಲ್ಲೇ ಗುಡ್ಡ ಹತ್ತಿ ಇಳಿದು ರೈಗಳು ಭಟ್ಟರ ತೋಟದ ಬೇಲಿಯ ತಡಮೆಯ ಹತ್ತಿರ ಬಂದರು. ಭಟ್ಟರು ಒಳಗಿಂದಲೇ ಮೂಗಿಗೆ ಶಾಲು ಹಿಡಿದು ಕೂಗಿದರು.

"ಬನ್ನಿ ಬನ್ನಿ ರೈಗಳೇ. ಚೀಲ ಒಂದು ಆಚೆ ಬದಿಯಲ್ಲೇ ಇರಲಿ."

ಚೀಲವನ್ನು ಹಲಸಿನ ಗೆಲ್ಲಿಗೆ ತೂಗಿಸುವಾಗ ರೈಗಳಿಗೆ ಒಮ್ಮೆಲೇ ಹೊಳೆಯಿತು. ಬ್ರಾಹ್ಮಣರ ಮನೆಗೆ ಮೀನು ಹೋಗದು ಎಂಬುದು ಹುಟ್ಟಿದಾರಭ್ಯ ಗೊತ್ತಿದ್ದದ್ದೇ. ಆದರೂ ನಾಯಿ ಕೊಡುವ ಹೊತ್ತಿಗೆ ಅದು ತಲೆಗೆ ಹತ್ತಿರಲಿಲ್ಲ. ಮೀನಿಗಾಗಿ ಜೀವ ಬಿಡುವ ನಾಯಿಯನ್ನು ಹುಡುಕಿ ಹುಡುಕಿ ಮೀನೇ ಇಲ್ಲದ ಮನೆಗೆ ಕೊಟ್ಟಿದ್ದರು.

ಆದರೆ ಅಷ್ಟೇ ಆಗಿದ್ದರೆ ಬೆಲ್ಲ, ಕೊಬ್ಬರಿ ಇದ್ದೇ ಇತ್ತಲ್ಲ. ಕೆಂಚನನ್ನು ನೋಡಿದರೆ ಅವನು ಕುಂಬಳಕಾಯಿಯ ಹಾಗೆ ದುಂಡಗಾಗಿದ್ದ. ಹಳೆಯ ಯಜಮಾನನನ್ನು ಕಂಡು ಬಾಲ ಆಡಿಸಿದ, ಎದ್ದು ಬರುವ ಶ್ರಮ ತೆಗೆದುಕೊಳ್ಳಲಿಲ್ಲ. ಅವನ ಮುಂದೆ ತೆಂಗಿನ ಗೆರಟೆಯಲ್ಲಿ ಅರ್ಧ ದೋಸೆ ಉಳಿದಿತ್ತು. ರೈಗಳು ಬೆಲ್ಲದ ತುಂಡು ತೋರಿಸಿ ಕರೆದರು. ಕೆಂಚ ಮೂಸಿದ, ನಾಳೆಗಿರಲಿ ಎಂಬಂತೆ ಮುಖ ತಿರುಗಿಸಿದ.

"ಇವನಿಗೆ ಬೆಳಿಗ್ಗೆ ಎಂತ ಹಾಕಿದ್ದು?" ಎಂದು ಕೇಳಿದರು.

ಉತ್ತರ ಕೊಟ್ಟದ್ದು ಭಟ್ಟರ ಹೆಂಡತಿ ಗೋದಾವರಿಯಮ್ಮ. "ದೋಸೆ. ಆಮೇಲೆ ಗಂಜಿ. ಮಧ್ಯೆ ಸ್ವಲ್ಪ ಮಜ್ಜಿಗೆ ಅನ್ನ."

"ಅಯ್ಯೋ ಅಕ್ಕಾ! ಕೆಲಸ ಆದ ಮೇಲೆ ಹಾಕಬೇಕು. ಹೊಟ್ಟೆ ತುಂಬಿದ ಮೇಲೆ ಅವ ಯಾಕೆ ಓಡುದು?"

ಗೋದಾವರಿಯಮ್ಮ ಸೆರಗು ಸಿಕ್ಕಿಸಿ ನೆಟ್ಟಗೆ ನಿಂತರು. "ರೈಗಳೇ, ಈ ಮನೆಗೆ ಅಡಿಕೆ ಸುಲಿಯಲು ಬಂದವರಿಗೂ ಮೊದಲು ತಿಂಡಿ, ಮತ್ತೆ ಕೆಲಸ. ನನ್ನ ಅತ್ತೆಯ ಕಾಲದಿಂದ ಹಾಗೆಯೇ. ಹಸಿದ ಪ್ರಾಣಿಗೆ ಕೆಲಸ ಹೇಳಿ ನನಗೆ ಅಭ್ಯಾಸ ಇಲ್ಲ."

"ಇದು ನಾಯಿ ಅಕ್ಕಾ."

"ನಾಯಿಗೆ ಹೊಟ್ಟೆ ಇಲ್ಲವಾ?"

ರೈಗಳು ಭಟ್ಟರ ಮುಖ ನೋಡಿದರು. ಭಟ್ಟರು ಆಕಾಶ ನೋಡಿದರು. ಆ ವಿಷಯದಲ್ಲಿ ಅವರ ಮಾತು ಆ ಮನೆಯಲ್ಲಿ ನಡೆಯುವುದಿಲ್ಲ ಎಂದು ಅಷ್ಟರಲ್ಲೇ ತಿಳಿಯಿತು.

ಹಿಂದಿರುಗಿ ಹೋದರೆ ಅಂಗಳದ ನಾಯಿಗಳನ್ನೆಲ್ಲ ಕಳಿಸಬೇಕು. ರೈಗಳು ಜಗಲಿಯ ತುದಿಯಲ್ಲಿ ಕುಳಿತು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. ತಿನ್ನುವುದು ಬಿಟ್ಟರೆ ಈ ಪ್ರಾಣಿಗೆ ಬೇರೆ ಏನು ಬೇಕು? ಇಷ್ಟು ವರ್ಷ ಸಾಕಿದರೂ ತಾನು ಈ ಪ್ರಶ್ನೆ ಕೇಳಿಯೇ ಇಲ್ಲವಲ್ಲ ಎಂದು ಅವರಿಗೇ ಸೋಜಿಗವಾಯಿತು.

ಸುಗ್ಗಿ ತಿಂಗಳು. ತೋಟದಲ್ಲಿ ಅಡಿಕೆ ಮರದ ಹಾಳೆ ಬೀಳುವ ಸಮಯ. ಗೋದಾವರಿಯಮ್ಮ ಬಿದ್ದ ಹಾಳೆಯೊಂದರ ಮೇಲೆ ತರಗೆಲೆ ತುಂಬಿಸಿ, ಅದರ ಸೋಗೆಯ ದಿಂಡು ಹಿಡಿದು ದರದರನೆ ದನದ ಹಟ್ಟಿಯತ್ತ ಎಳೆಯತೊಡಗಿದರು. ಆ ಸದ್ದಿಗೆ ಕೆಂಚನ ಕಿವಿ ನಿಮಿರಿತು. ಕುಂಬಳಕಾಯಿ ಎದ್ದಿತು. ಒಂದೇ ನೆಗೆತಕ್ಕೆ ಹೋಗಿ ಹಾಳೆಯ ಅಂಚು ಕಚ್ಚಿ ಹಿಂದಕ್ಕೆ ಜಗ್ಗಿತು. ತರಗೆಲೆ ಚೆಲ್ಲಾಪಿಲ್ಲಿ.

"ಬಿಡೋ ಶನಿ! ದಿನಾ ಇದೇ ರಗಳೆ ಇವನದ್ದು. ಬಿಡು ಅಂದರೆ!" ಎಂದು ಅವರು ಎಳೆದಷ್ಟೂ ಕೆಂಚನಿಗೆ ಖುಷಿ.

ರೈಗಳ ಬಾಯಿಯ ಎಲೆ ಅಲ್ಲಿಗೇ ನಿಂತಿತು. "ಅಕ್ಕಾ, ಬಿಡಬೇಡಿ! ಹಿಡಿದುಕೊಳ್ಳಿ!" ಎಂದು ಓಡಿ ಹೋಗಿ ಕೆಂಚನ ಮೂಗಿನ ಕೆಳಗೆ ಬೆಲ್ಲ ಹಿಡಿದರು. ಕೆಂಚ ಅದರ ಕಡೆ ಕಣ್ಣು ಹಾಯಿಸಲಿಲ್ಲ. ಗೋದಾವರಿಯಮ್ಮನಿಗೆ ಹಾಳೆ ನೆಲದಲ್ಲಿಟ್ಟು ದೂರ ಸರಿಯಲು ಹೇಳಿದರು. ಕೆಂಚ ಒಮ್ಮೆ ಮೂಸಿ ಬಿಟ್ಟುಬಿಟ್ಟ. ಮತ್ತೆ ಅವರು ದಿಂಡು ಹಿಡಿದು ಎಳೆದರೆ ಹಾರಿ ಬಂದ. ರೈಗಳೇ ಎಳೆದರು, ಕೆಂಚ ಮೀನು ಸಿಗಬಹುದೋ ಎಂದು ಅವರ ಸೊಂಟ ಮೂಸಿದ. ಗೋದಾವರಿಯಮ್ಮ ಎಳೆದರು, ಹಾಳೆ ಕಚ್ಚಿದ.

"ಇವನಿಗೆ ಹಾಳೆಯೂ ಬೇಡ ಭಟ್ರೇ," ಎಂದರು ರೈಗಳು, ಬೆರಗಾಗಿ. "ಇವನಿಗೆ ಬೇಕಾದದ್ದು ಅಕ್ಕನ ಒಟ್ಟಿಗೆ ಎಳೆದಾಟ."

ಭಟ್ಟರು ಹೌಹಾರಿದರು. "ಎಂತ ಮಾತು ರೈಗಳೇ! ನಾಯಿ ಮುಟ್ಟಿದರೆ ಇವಳು ಸ್ನಾನ ಮಾಡಿಯೇ ಒಳಗೆ ಬರಬೇಕು. ದಿನಕ್ಕೆ ಎಷ್ಟು ಸ್ನಾನ ಮಾಡುದು?"

"ನಡುವೆ ಮಾರುದ್ದದ ಹಾಳೆ ಉಂಟಲ್ಲ" ಎಂದರು ಗೋದಾವರಿಯಮ್ಮ. "ನಾನು ಎಲ್ಲಿ ಮುಟ್ಟಿದೆ? ಒಣಗಿದ ಹಾಳೆಗೆ ಮೈಲಿಗೆ ಇಲ್ಲ." ಶಾಸ್ತ್ರ ಅಲ್ಲಿಗೆ ಮುಗಿಯಿತು. ಅವರಿಗೂ ಆ ಆಟದಲ್ಲಿ ರುಚಿ ಹತ್ತಿದ್ದು ರೈಗಳ ಕಣ್ಣಿಗೆ ಬಿದ್ದಿತು.

ಮರುದಿನದಿಂದ ರೈಗಳು ದಿನಾ ಗುಡ್ಡ ದಾಟಿ ಬಂದರು. ಆಟವನ್ನು ಕೆಲಸಕ್ಕೆ ಕಟ್ಟಬೇಕಲ್ಲ. ಮೀನನ್ನು ಕಟ್ಟಿದ ಕ್ರಮದಲ್ಲೇ ಇದನ್ನೂ ಕಟ್ಟಿದರು. ಮೊದಲು ಬೊಗಳು, ಆ ಕ್ಷಣಕ್ಕೇ ಹಾಳೆ. ಬೊಗಳಿಸಲು ಮಂಗ ಬೇಕು. ಬೇಕೆಂದಾಗ ನಿಜವಾದ ಮಂಗ ಬರುತ್ತದೆಯೇ? ಹಾಗಾಗಿ ಮಹಾಗಣಪತಿ ಭಟ್ಟರು ಕೊಕ್ಕೋ ಗಿಡದ ಮರೆಯಲ್ಲಿ ನಿಂತು, ಉದ್ದದ ದೋಟಿಯಲ್ಲಿ ಗೆಲ್ಲು ಅಲುಗಿಸುತ್ತ "ಖೀ ಖೀ" ಎಂದು ಕೂಗಬೇಕಾಯಿತು.

"ಇನ್ನೂ ಸ್ವಲ್ಪ ಜೋರು ಭಟ್ರೇ. ಈಗ ಮಂತ್ರ ಹೇಳಿದ ಹಾಗೆ ಕೇಳ್ತದೆ."

"ನನ್ನ ಕೊಕ್ಕೋಕ್ಕಾಗಿ ನಾನೇ ಮಂಗ ಆಗಬೇಕಾಯಿತಲ್ಲ ಮಾರಾಯ್ರೆ!"

ಕೆಂಚ ಬೊಗಳಿ ಗೆಲ್ಲಿನತ್ತ ಓಡಿದ ಕೂಡಲೇ ಗೋದಾವರಿಯಮ್ಮ ಕರೆದು ಹಾಳೆ ಬೀಸುತ್ತಿದ್ದರು. ಪ್ರತಿಸಲವೂ ಅವರೇ ಗೆದ್ದರೆ ಕೆಂಚನಿಗೆ ಬೇಸರ ಬರುತ್ತದೆ ಎಂಬುದೂ ಗೊತ್ತಾಯಿತು. ನಡುನಡುವೆ ಬಿಟ್ಟುಕೊಟ್ಟರೆ ಹಾಳೆ ಕಚ್ಚಿಕೊಂಡು ಅಂಗಳಕ್ಕೆ ಒಂದು ಸುತ್ತು ಹೊಡೆದು, ಇನ್ನೊಮ್ಮೆ ಎಳೆಯಿರಿ ಎಂದು ತಾನೇ ತಂದೊಡ್ಡುತ್ತಿದ್ದ. ಅವನಿಗೆ ಇನ್ನೂ ಬೇಕು ಎನಿಸುವಾಗಲೇ ಆಟ ನಿಲ್ಲಿಸಿ ಹಾಳೆಯನ್ನು ಹಟ್ಟಿಯ ಸೂರಿಗೆ ಸಿಕ್ಕಿಸಿಡಬೇಕು. ಹಾಗೆ ಇಟ್ಟರೆ ಮರುದಿನ ಬೆಳಿಗ್ಗೆ ಕೆಂಚ ದೋಸೆ ತಿಂದು ಮಲಗುವ ಬದಲು ಹಟ್ಟಿಯ ಸೂರಿನ ಕೆಳಗೆ ಕಾದು ಕೂರುತ್ತಿದ್ದ. ಒಂದೊಂದು ತಿಳಿದಾಗಲೂ ರೈಗಳು ಹೊಸ ಮಗ್ಗಿ ಕಲಿತವರ ಹಾಗೆ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಮನೆಗೆ ಹೋಗುತ್ತಿದ್ದರು.

"ಈಗೀಗ ಅಂಗಿ ವಾಸನೆ ಇಲ್ಲ. ಹುಷಾರಿಲ್ಲವಾ?" ಎಂದಳು ವಾರಿಜಾಕ್ಷಿ.

"ನಾಯಿ ಒಟ್ಟಿಗೆ ಆಡಲು ಕಲೀತಾ ಇದ್ದೇನೆ."

"ಈ ಪ್ರಾಯದಲ್ಲಿ!" ಎಂದು ಅವಳು ಒಳಗೆ ಹೋದಳು.

ಕಿಟ್ಟಣ್ಣ ಸುಮ್ಮನಿರುವ ಜನ ಅಲ್ಲ. ಮಾತು ಕೊಟ್ಟದ್ದು ತನ್ನ ಹೋಟೆಲಿನಲ್ಲಿ, ತೀರ್ಪು ಹೇಳುವವನೂ ತಾನೇ ಎಂದು ಒಂದು ಬೆಳಿಗ್ಗೆ ಬಾಗಿಲು ಹಾಕಿ ರೈಗಳ ಬೆನ್ನಿಗೇ ಬಂದ. ಅವನು ತೋಟದ ಕಟ್ಟೆಯಲ್ಲಿ ಕುಳಿತು ಬೀಡಿ ಹಚ್ಚುವಷ್ಟರಲ್ಲಿ ಗುಡ್ಡದ ಕಡೆಯಿಂದ ಮಂಗಗಳ ಹಿಂಡು ಇಳಿಯಿತು. ದೊಡ್ಡ ಗಡವವೊಂದು ಕೊಕ್ಕೋ ಗಿಡಕ್ಕೆ ಹಾರಿ ಹಣ್ಣು ಕಿತ್ತಿತು.

ಕೆಂಚ ಆಗಷ್ಟೇ ಗಂಜಿ ಕುಡಿದಿದ್ದ. ರೈಗಳ ಕೈ ತಾನಾಗಿ ಸೊಂಟಕ್ಕೆ ಹೋಯಿತು, ಅಲ್ಲಿ ಚೀಲ ಇರಲಿಲ್ಲ. ಮೀನು ಕಾಣದ ನಾಯಿ, ಹೊಟ್ಟೆ ತುಂಬಿದ ನಾಯಿ, ನಿಜವಾದ ಮಂಗಕ್ಕೆ ಹೋದೀತೇ?

ಗಡವ ಕಿರುಚಿತು. ಕೆಂಚ ಬಾಣದ ಹಾಗೆ ಹೊರಟ. ಬುಡದಿಂದ ಬುಡಕ್ಕೆ ಬೊಗಳುತ್ತ ಹೋದವನ ಅಬ್ಬರಕ್ಕೆ ಹಿಂಡು ಅಡಿಕೆ ಮರಗಳ ತಲೆಯಿಂದ ತಲೆಗೆ ಜೀಕಿ ಗುಡ್ಡ ಸೇರಿತು. ತೋಟದ ಮೇಲಂಚಿನ ಕಂದಕ, ಆ ಅಗಳಿನವರೆಗೂ ಅಟ್ಟಿಕೊಂಡು ಹೋಗಿ, ಅಲ್ಲಿ ನಿಂತು ಕೊನೆಯದಾಗಿ ಎರಡು ಸಲ ಗದರಿಸಿ, ಆಮೇಲೆ ಓಡಿ ಬಂದದ್ದು ರೈಗಳ ಹತ್ತಿರಕ್ಕಲ್ಲ, ಅಡುಗೆಮನೆಯ ಬಾಗಿಲಿಗೂ ಅಲ್ಲ. ಸೆರಗು ಸಿಕ್ಕಿಸಿ ಹಾಳೆ ಹಿಡಿದು ನಿಂತಿದ್ದ ಗೋದಾವರಿಯಮ್ಮನ ಹತ್ತಿರಕ್ಕೆ. ಇಬ್ಬರೂ ಎಳೆದಾಟಕ್ಕಿಳಿದರು.

ಕಿಟ್ಟಣ್ಣನ ಬೀಡಿ ಆರಿಹೋಗಿತ್ತು. ಒಪ್ಪಿಕೊಳ್ಳುವ ಮನಸ್ಸಿಲ್ಲದೆ ಒಪ್ಪಿಕೊಂಡ.

"ಆಯಿತು ಮಾರಾಯ್ರೆ. ನಿಮ್ಮ ಅಂಗಳದಲ್ಲಿ ನಾಯಿ ಇರಲಿ. ಆ ಕರಿ ಹೆಣ್ಣು ನಾಯಿ ಮರಿ ಹಾಕಿದರೆ ನನಗೂ ಒಂದು ಉಂಟಲ್ಲ?"

ರೈಗಳ ಎದೆ ಉಬ್ಬಿತು. ಹಿಂದಿನ ತ್ಯಾಂಪಣ್ಣನಾಗಿದ್ದರೆ ಕೂಡಲೇ ಹೂಂ ಎಂದು, ಎಷ್ಟು ಮೀನು, ಯಾವಾಗ ಎಂದು ಹೇಳಿ ಮುಗಿಸುತ್ತಿದ್ದರು. ಈಗ ಕಿಟ್ಟಣ್ಣನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ನಿನ್ನ ಮನೆಯಲ್ಲಿ ಅದರ ಒಟ್ಟಿಗೆ ಆಡುದು ಯಾರು?"

"ಆಡುದಾ? ನನಗೆ ಹೋಟೆಲಿನ ಕೆಲಸವೇ ಮುಗಿಯುದಿಲ್ಲ. ಹೊಟ್ಟೆಗೆ ಬೇಕಾದಷ್ಟು ಹಾಕುವ, ಸಾಲದಾ?"

"ಸಾಲದು," ಎಂದರು ರೈಗಳು. "ಯೋಚನೆ ಮಾಡಿ ಬಾ."