ಜೋಳದ ಹೊಲದಲ್ಲಿ ಸದ್ದಾದ ಬಳೆ

ನಿಂಗವ್ವಾ, ನಿನ್ನ ತಮ್ಮ ಸತ್ತದ್ದು ನಿನ್ನ ಕೆಮ್ಮಿನಿಂದಲ್ಲ — ನನ್ನ ಬಳೆಯಿಂದ. ಇದನ್ನು ಹೇಳಲು ನಾನು ಮುದುಕಿಯಾಗಬೇಕಾಯಿತು. ಥೂ, ನನ್ನ ಬಾಳಿಗಿಷ್ಟು!

ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ನಮ್ಮ ಕಲಬುರಗಿ ಕಡೆಗೆ ಬಂದಿರಲಿಲ್ಲ. ನವಾಬನ ಬಂದೂಕಿನ ಪಡೆಗಳು ಊರುಗಳನ್ನು ಹಿಡಿದು ಕೂತಿದ್ದವು. ಗಡಿಯಾಚೆಯ ಶಿಬಿರದಲ್ಲಿ ನಾವಿಬ್ಬರೂ ಗುಂಡು ಹೊಡೆಯಲು ಕಲಿತೆವು. ಆ ಸಂಜೆ ಅವರ ದಾರಿ ಕಾಯಲು ಜೋಳದ ಹೊಲಕ್ಕೆ ಇಳಿಯುವ ಮೊದಲು ನೀನು ಹೆಂಗಸರಿಗೆಲ್ಲ ಹೇಳಿದೆ, "ಬಳಿ ತಗೀರಿ. ಸಪ್ಪಳ ಆಗಬಾರದು." ನನ್ನದು ಹೊಸ ಮದುವೆ. ಗಂಡ ಬದುಕಿರುವಾಗ ಕೈ ಬರಿದು ಮಾಡಿಕೊಳ್ಳುವುದೇ? — ತೆಗೆದೆ ಎಂದು ಸುಳ್ಳು ಹೇಳಿ, ಬಳೆಗಳನ್ನು ಮೇಲೇರಿಸಿ ಬಟ್ಟೆ ಸುತ್ತಿಕೊಂಡೆ.

ಬಟ್ಟೆ ಜಾರಿತು. ಬಳೆ ಸದ್ದಾಯಿತು, ಅವರು ತಿರುಗಿದರು — ನಾನು ಕಣ್ಣಾರೆ ಕಂಡೆ — ಆಮೇಲೆ ನೀನು ಕೆಮ್ಮಿದೆ. ಗುಂಡು ಹಾರಿತು. ನಮ್ಮ ಮುಂದೆ ಕೂತಿದ್ದ ನಿನ್ನ ತಮ್ಮ ಶಿವಪ್ಪ ಮತ್ತೆ ಏಳಲಿಲ್ಲ. "ನನ್ನ ಕೆಮ್ಮ ನನ್ನ ತಮ್ಮನ್ನ ನುಂಗಿತವ್ವಾ" ಎಂದು ನೀನು ಎದೆ ಬಡಿದುಕೊಂಡಾಗ ನಾನು ನಿನ್ನ ತಲೆ ಸವರಿದೆ. ಬಾಯಿ ಬಿಡಲಿಲ್ಲ.

ಹೊಟ್ಟೆಪಾಡಿಗೆ ಇಬ್ಬರೂ ಬೇರೆ ಬೇರೆಯಾಗಿ ಮರಾಠಿ ಸೀಮೆ ಸೇರಿ, ನಲವತ್ತು ವರ್ಷ ದಾಟಿದ ಮೇಲೆ, ಈಗ ಮೊನ್ನೆ, ಕಲ್ಯಾಣ್ ರೈಲು ಸ್ಟೇಶನ್ನಿನಲ್ಲಿ ನಿನ್ನನ್ನು ಕಂಡೆ. ಅಷ್ಟು ಗದ್ದಲದಲ್ಲೂ ನೀನು ಬಾಯಿಗೆ ಸೆರಗು ತುರುಕಿಕೊಂಡು ಕೆಮ್ಮು ನುಂಗುತ್ತಿದ್ದೆ. ಶಿವಪ್ಪ ಹೋದಂದಿನಿಂದ ನಿನ್ನದು ಅದೇ ರೂಢಿ; ಅದರಿಂದಲೇ ಗುರುತು ಸಿಕ್ಕಿತು. ಮೊಮ್ಮಗಳ ಮದುವೆಗೆ ಬಳೆ ಇಡಿಸುವುದಿದೆ, ಬಾ ಎಂದು ನೀನೇ ನನ್ನನ್ನು ತುರ್ಭೆಯ ನಿನ್ನ ಒಂದೇ ಕೋಣೆಯ ಖೋಲಿಗೆ ಎಳೆದುಕೊಂಡು ಹೋದೆ.

ಅಲ್ಲೂ ಸೆರಗು ಬಾಯಲ್ಲೇ. "ಆಜೀ, ಖಾಂಸ್ನಾ ಹೈ ತೋ ಖಾಂಸೋ ನಾ!" — ಕೆಮ್ಮು ಬಂದರೆ ಕೆಮ್ಮಿಬಿಡಜ್ಜೀ — ಎಂದು ನಿನ್ನ ಮೊಮ್ಮಗಳು ನಕ್ಕಳು.

"ಸುಮ್ಮನಿರ. ನನ್ನ ಕೆಮ್ಮ ಮಂದೀನ ಕೊಲ್ಲತೈತಿ" ಎಂದೆ ನೀನು. ಆಮೇಲೆ ಬಳೆಗಾರನಿಗೆ, "ಮೊದಲ ಈಕಿ ಕೈಗೆ ಇಡ್ರಿ. ಮುತ್ತೈದಿ."

ನಾನು — ಕೈ ಚಾಚಿದೆ. ನಿಂಗವ್ವಾ, ನಾಚಿಕೆಗೆಟ್ಟ ನಾನು ಕೈ ಚಾಚಿದೆ!

ನೀನು ಇಡಿಸಿದ ಹಸಿರು ಬಳೆ ಇನ್ನೂ ಕೈಯಲ್ಲಿದೆ. ಡೊಂಬಿವಲಿಯ ನನ್ನ ಮನೆಯಲ್ಲಿ ರೊಟ್ಟಿ ತಟ್ಟಲು ಕೂತರೂ ಸದ್ದು ಮಾಡುತ್ತದೆ. ನಾಳೆ ತುರ್ಭೆಗೆ ಬರುತ್ತೇನೆ. ಕ್ಷಮಿಸು ಎನ್ನುವ ಮುಖ ನನಗಿಲ್ಲ. ನಡೆದದ್ದನ್ನು ನಿನ್ನ ಮೊಮ್ಮಗಳ ಮುಂದೆಯೇ ಹೇಳುತ್ತೇನೆ. ಮುಖಕ್ಕೆ ಉಗಿ, ಬಾಗಿಲು ಹಾಕಿಕೋ — ಆದರೆ ಕೆಮ್ಮು ಬಂದರೆ, ನಿಂಗವ್ವಾ, ಇನ್ನಾದರೂ ಬಾಯಿಬಿಟ್ಟು ಕೆಮ್ಮು.