ಸೈಕಲ್ ಟ್ಯೂಬಿನ ಪಟ್ಟಿ

ಬಾಗಿಲು ಮೆತ್ತಗೆ ಹಾಕಿ ಎಂದು ಹೇಳಿದವನು ನಾನೇ, ಶಾಂತಕ್ಕ. ಹಾಗೆ ಹೇಳೇ ಇಲ್ಲ ಎಂದು ನಾಲ್ಕು ಜನರ ಮುಂದೆ ಸುಳ್ಳು ಹೇಳಿದವನೂ ನಾನೇ. ಒಂಬತ್ತು ವರ್ಷವಾಯಿತು. ಇಷ್ಟು ಬರೆಯುವುದಕ್ಕೇ ಮೂರು ಹಾಳೆ ಹರಿದೆ — ಪಾನಾ, ಸ್ಕ್ರೂಡ್ರೈವರು ಹಿಡಿದು ರೂಢಿಯಾದ ಕೈ, ಪೆನ್ನು ಮಾತು ಕೇಳುವುದಿಲ್ಲ.

ಅವತ್ತು ನಿಮ್ಮ ಯಜಮಾನರು, ನಮಗೆಲ್ಲ ಅವರು ಮಾಸ್ತರು, ಬಾಗೇವಾಡಿಯ ನನ್ನ ಗ್ಯಾರೇಜಿಗೆ ಕಾರು ತಂದರು. ನಾಲತವಾಡದಲ್ಲಿ ಯಾರದೋ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದಿರಿ. ಹಿಂದಿನ ಎಡಬಾಗಿಲು ಹಾಕಿದರೆ ಕೂರುತ್ತಿರಲಿಲ್ಲ. ನಿಮ್ಮೂರು ಮಸೂತಿಯಿಂದ ನೀವು ಅದನ್ನು ಒಳಗಿನಿಂದ ಹಿಡಿದುಕೊಂಡೇ ಬಂದಿದ್ದಿರಿ. ಪಕ್ಕದಲ್ಲಿ ನಿಮ್ಮ ಅತ್ತೆ ನಗುತ್ತಿದ್ದರು: “ನಮ್ಮ ಸೊಸಿ ಕಾರ್ ಹಿಡ್ಕೊಂಡ ಬಂದಾಳ ನೋಡೋ ಮಿಸ್ತ್ರಿ, ಬಿಟ್ಟಿದ್ರ ಓಡಿ ಹೋಗ್ತಿತ್ತು.”

ಕಾರಿನ ಬಾಗಿಲು ಎರಡು ಹಂತದಲ್ಲಿ ಕೂರುತ್ತದೆ. ಮೊದಲ ಹಂತದಲ್ಲಿ ಬರೀ ತಗುಲಿಕೊಳ್ಳುತ್ತದೆ, ಎರಡನೆಯದರಲ್ಲಿ ಗಟ್ಟಿಯಾಗುತ್ತದೆ. ಲಾಕು ಬಂದು ಹಿಡಿಯುವ ಕಬ್ಬಿಣದ ಕೊಂಡಿ ಸವೆದಿತ್ತು. ಅದನ್ನು ಬಿಚ್ಚಿ ಬೇರೆ ಕೂರಿಸಬೇಕು. ಸ್ಕ್ರೂಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು — ಎರಡು ತಾಸಿನ ಕೆಲಸ. ನನಗೆ ಬೇಸರವಾಗಿತ್ತು. ಇದಕ್ಕಿಂತ ದೊಡ್ಡ ಕಾರಣವೊಂದನ್ನು ಇಷ್ಟು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

ಹಳೆಯ ಸೈಕಲ್ ಟ್ಯೂಬಿನಿಂದ ಒಂದು ಪಟ್ಟಿ ಕೊಯ್ದು ಕೊಂಡಿಗೆ ಬಿಗಿಯಾಗಿ ಸುತ್ತಿದೆ. ನಮ್ಮ ಕಡೆ ಪಂಪಸೆಟ್ಟಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಎಲ್ಲ ರೋಗಕ್ಕೂ ಟ್ಯೂಬಿನ ಪಟ್ಟಿಯೇ ಔಷಧ. ಬಾಗಿಲು ದಪ್ ಎಂದು, ದೊಡ್ಡ ಕಾರಿನ ಹಾಗೆ, ಕೂತಿತು. ಮಾಸ್ತರು ಖುಷಿಪಟ್ಟರು. ಆದರೆ ರಬ್ಬರು ಅಡ್ಡ ಬಂದು ಲಾಕು ಮೊದಲ ಹಂತದಲ್ಲೇ ನಿಂತದ್ದು ನನ್ನ ಕೈಗೆ ಗೊತ್ತಾಗಿತ್ತು. ಗೊತ್ತಾಗಿಯೂ — ನಾಲತವಾಡ ಏನು ಮಹಾ ದೂರ, ಹೋಗಿ ಬರುತ್ತಾರೆ ಎಂದುಕೊಂಡೆ. ಜೋರಾಗಿ ಹಾಕಿದರೆ ಪಟ್ಟಿ ಹರಿದೀತೆಂಬ ಭಯಕ್ಕೆ, ಮಾಸ್ತರು ಎಂಜಿನ್ ಚಾಲೂ ಮಾಡಿದ ಸದ್ದಿನಲ್ಲಿ, ನಿಮಗೊಬ್ಬರಿಗೇ ಕೇಳುವಂತೆ ಹೇಳಿದೆ: “ಮೆತ್ತಗ ಹಾಕ್ರಿ ಅಕ್ಕಾರ, ಬಡೀಬ್ಯಾಡ್ರಿ.”

ಗಾಳಿ ಬೇಕೆಂದು ಅತ್ತೆ ಆ ಬಾಗಿಲ ಕಡೆಗೇ ಸರಿದರು. ನೀವು ನಾನು ಹೇಳಿದಂತೆಯೇ ಬಾಗಿಲು ಹಾಕಿ, ಸುತ್ತಿ ಹೋಗಿ ಇನ್ನೊಂದು ಕಡೆಯಿಂದ ಹತ್ತಿದಿರಿ. ಮುದ್ದೇಬಿಹಾಳ ದಾಟಿದ ಮೇಲೊಂದು ತಿರುವಿನಲ್ಲಿ ಅತ್ತೆಯ ಭಾರ ಬಾಗಿಲ ಮೇಲೆ ಬಿತ್ತು, ಅದು ತೆರೆದುಕೊಂಡಿತು. ಸೊಂಟದ ಮೂಳೆ ಮುರಿದ ಅವರು ಮತ್ತೆ ಎದ್ದು ನಿಲ್ಲಲಿಲ್ಲ.

ಮೂರನೆಯ ದಿನ ಮಾಸ್ತರು, ಅವರ ಅಕ್ಕ, ನೀವು, ಇನ್ನಿಬ್ಬರು ನೆಂಟರು ಕಾರು ತಂದು ನಿಲ್ಲಿಸಿದಿರಿ. ನಾನು ಬಗ್ಗಿ ನೋಡುವವನಂತೆ ಮಾಡಿ, ನೀವ್ಯಾರೂ ಗಮನಿಸಿರದ ಆ ಪಟ್ಟಿ ಬಿಚ್ಚಿ ಜೇಬಿಗೆ ಇಳಿಸಿದೆ. ಬಾಗಿಲನ್ನು ತುಸು ಮೇಲೆತ್ತಿ ಬಡಿದೆ — ಹಾಗೆ ಎತ್ತಿ ಹಾಕಿದರೆ ಎಂಥ ಸವೆದ ಕೊಂಡಿಯೂ ಒಂದು ಸಲ ಹಿಡಿಯುತ್ತದೆ, ಅದು ನಮಗಷ್ಟೇ ಗೊತ್ತು. ಗಟ್ಟಿಯಾಗಿ ಕೂತಿತು.

“ಬಾಗಲಾ ಬರೋಬ್ಬರಿ ಐತ್ರಿ ಸರ. ಅಕ್ಕಾರು ಪೂರಾ ಹಾಕಿರಲಿಕ್ಕಿಲ್ರಿ.”

“ಮೆತ್ತಗ ಹಾಕ್ರಿ ಅಂದಿದ್ರೆಲ್ರಿ ಅಣ್ಣಾರ, ನೀವ?” ಎಂದಿರಿ ನೀವು.

“ನಾ ಯಾಕ ಹಂಗ ಅನ್ನಲ್ರಿ?”

ನೀವು ನನ್ನ ಮುಖವನ್ನೇ ನೋಡಿದಿರಿ. ಆಮೇಲೆ ತಲೆ ತಗ್ಗಿಸಿದಿರಿ. ಇನ್ನೊಮ್ಮೆ ಪೂರಾ ನೋಡಿಡು ಎಂದು ಕಾರು ಬಿಟ್ಟು ನೀವೆಲ್ಲ ಹೋದ ಮೇಲೆ ನಾನು ಆ ಎರಡು ತಾಸಿನ ಕೆಲಸ ಮಾಡಿದೆ. ಮನಸ್ಸಿಟ್ಟು, ಚೊಕ್ಕಟವಾಗಿ ಮಾಡಿದೆ.

ಸೊಸೆ ಬೇಕಂತಲೇ ಬಾಗಿಲು ಹಾಕಲಿಲ್ಲ ಎಂದು ಮಾಸ್ತರ ಅಕ್ಕ ಊರ ತುಂಬ ಹೇಳಿದರು. ಎಂಟು ವರ್ಷ ನೀವು ಅತ್ತೆಯ ಮೈ ತೊಳೆದಿರಿ, ಮಗ್ಗುಲು ಬದಲಿಸಿದಿರಿ. ನಾನೊಮ್ಮೆ ಹಣ್ಣು ಹಿಡಿದು ನೋಡಲು ಬಂದಿದ್ದೆ. ನಗುನಗುತ್ತ ಇದ್ದ ಆ ಜೀವ ನಿಮ್ಮನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿತ್ತು. “ನನ್ನ ಕೆಡವಿದಾಕಿ, ಮಿಸ್ತ್ರಿಗೆ ಚಹಾ ತಾ” ಎಂದರು. ನೀವು ತಂದಿರಿ. ನಾನು ಕುಡಿದು ಎದ್ದು ಬಂದೆ. ಅವತ್ತಾದರೂ ಬಾಯಿ ಬಿಡಬಹುದಿತ್ತು — ಅತ್ತೆ ಇದ್ದರು, ಕೇಳುವ ಕಿವಿ ಇತ್ತು. ಹೋದ ವರ್ಷ ಅವರು ನಿಮ್ಮ ಮೇಲಿನ ಸಿಟ್ಟು ಹೊತ್ತುಕೊಂಡೇ ಹೋದರು.

ಮೊನ್ನೆ ಗಾಳಿ ಹಾಕಿಸಲು ಬಂದಾಗ ನೀವು ಕಾರಿನ ಬಾಗಿಲು ಹಾಕಿ ಮೂರು ಸಲ ಎಳೆದು ನೋಡಿದಿರಿ. ಆಮೇಲೆ ಮಾಸ್ತರು ಅತ್ತ ಸರಿದ ಹೊತ್ತಿನಲ್ಲಿ ನನ್ನ ಹತ್ತಿರ ಬಂದಿರಿ. “ಅಣ್ಣಾರ, ಅವತ್ತ ನಾ ನಿಮ್ಮ ಮ್ಯಾಲೆ ಸುಳ್ಳ ಹೊರಿಸಿದ್ನಿ. ತಪ್ಪ ನಂದ ಇತ್ತು, ಹೆದರಿ ನಿಮ್ಮ ಹೆಸರ ತಗೊಂಡ್ನಿ ಅನಸ್ತೈತಿ. ಹೊಟ್ಯಾಗ ಹಾಕ್ಕೋರಿ.”

ನಾನು, “ಇರ್ಲಿ ಬಿಡ್ರಿ ಅಕ್ಕಾರ” ಎಂದೆ. ನಾನು — ನಿಮ್ಮನ್ನು — ಕ್ಷಮಿಸಿದೆ! ನಾಚಿಕೆ ಎನ್ನುವುದು ಎಷ್ಟು ಸಣ್ಣ ಮಾತು.

ಈ ಭಾನುವಾರ ಬೆಳಿಗ್ಗೆ ಮಸೂತಿಗೆ ಬರುತ್ತೇನೆ. ನಿಮ್ಮ ಅಕ್ಕನನ್ನೂ ಕರೆಸಿರಿ ಎಂದು ಮಾಸ್ತರಿಗೆ ಫೋನ್ ಮಾಡಿದ್ದೇನೆ, ಯಾಕೆಂದು ಹೇಳಿಲ್ಲ. ಎಲ್ಲರ ಮುಂದೆ ಹೇಳುತ್ತೇನೆ. ಅವರು ಏನು ಮಾಡಿದರೂ ಮಾಡಲಿ. ನಿಮ್ಮನ್ನು ಮಾತ್ರ, ಹೊಟ್ಟೆಯಲ್ಲಿ ಹಾಕಿಕೊಳ್ಳಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಹಾಕಿಕೊಂಡುಬಿಡುತ್ತೀರಿ.