ಸೊನ್ನೆಯಿಂದ ಏಳದ ಮುಳ್ಳು

ಲಾರಿಯ ಸಕಲ ಅಂಗಗಳಲ್ಲಿ ಅತ್ಯಂತ ನಿರುಪಯೋಗಿಯಾದದ್ದು ಸ್ಪೀಡೋಮೀಟರ್ ಎಂಬುದು ನನ್ನ ಬಹುಕಾಲದ ಸಿದ್ಧಾಂತವಾಗಿತ್ತು. ಹೆಮ್ಮಾಡಿಯಲ್ಲಿ ಹಂಚಿನ ವ್ಯಾಪಾರ ಇಟ್ಟುಕೊಂಡು, ಹಂಚು, ಕೆಂಪು ಮುರಕಲ್ಲು ಹೇರಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ಡ್ರೈವರನನ್ನಿಟ್ಟು ಲಾರಿ ಓಡಿಸಿದ ಅಷ್ಟೂ ವರ್ಷಗಳಲ್ಲಿ, ಆ ಮುಳ್ಳು ನೋಡಿ ಯಾವ ಡ್ರೈವರನೂ ಕಾಲು ಹಗುರ ಮಾಡಿದ್ದನ್ನು ನಾನು ಕಂಡಿಲ್ಲ. ನನ್ನ ಡ್ರೈವರ್ ವೇಗ ಅಳೆಯುತ್ತಿದ್ದದ್ದು ಹಿಂಬಾಗಿಲಿನ ಸದ್ದಿನಿಂದ. ಬಾಗಿಲು ಕಟಕಟ ಅಂದರೆ ಸಾಧಾರಣ, ಗಡಗಡ ಅಂದರೆ ಜೋರು, ಸದ್ದೇ ಇಲ್ಲ ಅಂದರೆ ಬಾಗಿಲು ಎಲ್ಲೋ ಬಿದ್ದುಹೋಗಿದೆ ಎಂದು ಅರ್ಥ.

ಈ ಸಿದ್ಧಾಂತಕ್ಕೆ ಇದ್ದದ್ದು ಒಂದೇ ಅಪವಾದ, ಎಫ್‌ಸಿ. ಹಳೆಯ ಲಾರಿ ಇನ್ನೂ ರಸ್ತೆಗೆ ಯೋಗ್ಯ ಎಂದು ವರ್ಷವರ್ಷವೂ ಸರ್ಕಾರದಿಂದ ಪಡೆಯಬೇಕಾದ ಪ್ರಮಾಣಪತ್ರ. ಅದಿಲ್ಲದ ಲಾರಿ ಅಂಗಳದಲ್ಲಿ ನಿಂತ ಆರು ಚಕ್ರದ ಕೋಳಿಗೂಡು. ನಮ್ಮ ವ್ಯಾಪಾರವೋ ಮಳೆಗೆ ಮುಂಚಿನ ಒಂದೆರಡು ತಿಂಗಳದ್ದು. ಊರವರೆಲ್ಲ ಮಾಡು ಕಳಚಿ ಹೊಸ ಹಂಚು ಹೊದೆಸುವ ಆ ದಿನಗಳಲ್ಲಿ ಲಾರಿ ನಿಂತರೆ ನಮ್ಮ ವರ್ಷವೇ ನಿಂತಂತೆ. ನಮ್ಮ ಎಫ್‌ಸಿ ಮುಗಿಯುತ್ತಿದ್ದದ್ದು ಸರಿಯಾಗಿ ಮೇ ತಿಂಗಳ ನಡುವಿಗೆ. ಆ ವರ್ಷವಂತೂ ಹಿಂದಿನ ಮಳೆಗಾಲ ಮುಗಿದಂದಿನಿಂದ ನಮ್ಮ ಸ್ಪೀಡೋಮೀಟರಿನ ಮುಳ್ಳು ಸೊನ್ನೆಯ ಮೇಲೆ ಪದ್ಮಾಸನ ಹಾಕಿ ಕೂತಿತ್ತು.

"ಈ ಸಲ ಹೊಸ ಆಫೀಸರ್ ಬಂದಿದ್ರ್ ಮಾರ್ರೆ," ಎಂದು ಎಫ್‌ಸಿ ಮಾಡಿಸಿಕೊಡುವ ಏಜೆಂಟ ಮುಂಚೆಯೇ ಹೆದರಿಸಿದ್ದ. "ಹೊರ್ಗೆ ನಿಂತ್ ಬಣ್ಣ ಕಂಡ್ ಹೋಪರಲ್ಲ. ತಾವೇ ಹತ್ತಿ ಕೂಕಂಡ್ ಒಂದ್ ಸುತ್ತ್ ಓಡಿಸ್ತ್ರ್. ಮುಳ್ಳ್ ಏಳ್ದಿದ್ರೆ ಕೆಳಗಿಳ್ದ್ ಸೀದ ಊಟಕ್ಕೆ ಹೋತ್ರ್."

ತೊಂಬತ್ತೇಳರಲ್ಲಿ ಕೊಂಡ ನನ್ನ ಮೊದಲ ಲಾರಿಗೆ ಈ ತಾಪತ್ರಯ ಇರಲಿಲ್ಲ. ಗೇರ್‌ಬಾಕ್ಸಿನಿಂದ ಮೀಟರಿಗೆ ಒಂದು ಕೇಬಲ್. ಚಕ್ರ ತಿರುಗಿದರೆ ಕೇಬಲ್ ತಿರುಗುತ್ತಿತ್ತು, ಕೇಬಲ್ ತಿರುಗಿದರೆ ಮುಳ್ಳು ಏಳುತ್ತಿತ್ತು. ಏಳದಿದ್ದರೆ ಕೇಬಲ್ ಬಿಚ್ಚಿ, ಗ್ರೀಸ್ ಬಳಿದು, ಬೆರಳಲ್ಲಿ ತಿರುಗಿಸಿ ನೋಡಿದರಾಯಿತು. ರೋಗ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಅಂಟುತ್ತಿತ್ತು. ಆ ಲಾರಿ ಹೋಗಿ, ಸೆಕೆಂಡ್‌ಹ್ಯಾಂಡಿನಲ್ಲಿ ಬಂದ ಈ ಎರಡನೆಯದಕ್ಕೆ ಎಲೆಕ್ಟ್ರಾನಿಕ್ ಮೀಟರ್. ಗೇರ್‌ಬಾಕ್ಸಿನ ಬಳಿ ಹೆಬ್ಬೆರಳು ಗಾತ್ರದ ಒಂದು ಸೆನ್ಸರ್. ಅದು ಚಕ್ರದ ಸುದ್ದಿಯನ್ನು ವಯರಿನ ಮೂಲಕ ಮೀಟರಿಗೆ ಗುಟ್ಟಾಗಿ ತಿಳಿಸುತ್ತದಂತೆ. ಏನು ತಿಳಿಸುತ್ತದೆ, ಯಾವಾಗ ತಿಳಿಸುವುದಿಲ್ಲ, ಏಕೆ ತಿಳಿಸುವುದಿಲ್ಲ ಎಂಬುದು ಅವರಿಬ್ಬರಿಗೇ ಬಿಟ್ಟ ವಿಚಾರ. ಮೂರನೆಯವರಿಗೆ ಅಲ್ಲಿ ಪ್ರವೇಶವಿಲ್ಲ.

ಲಾರಿಯ ಜೊತೆ ಬಂದ ಇನ್ನೊಂದು ಆಸ್ತಿ ಎಂದರೆ ಡ್ಯಾಶ್‌ಬೋರ್ಡಿನ ನಡುವೆ ಕೂತ ಹಟ್ಟಿಯಂಗಡಿ ಗಣಪತಿಯ ಪಟ. ಪಟದ ಎದುರು ಒಂದು ಕೆಂಪು ಬಲ್ಬು, ಕೆಳಗೆ ಅದರ ಸ್ವಿಚ್ಚು. ಹಿಂದಿನ ಮಾಲಿಕ ಹಾಕಿಸಿದ್ದು. ನನ್ನ ಡ್ರೈವರ್ ನಾವುಂದದ ಕಡೆಯ ಹುಡುಗ, ಕೆಲವು ವರ್ಷ ಮುಂಬೈಯಲ್ಲಿ ಟೆಂಪೋ ಓಡಿಸಿ ಬಂದವನು. ಅವನಿಗೊಂದು ನೇಮವಿತ್ತು. ಚಪ್ಪಲಿ ಕಳಚಿ ಹತ್ತಬೇಕು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ದೇವರ ದೀಪ ಹಾಕಬೇಕು. ಕೀ ತಿರುಗಿಸುವುದು ಆಮೇಲೆ. ಅವನು ಮಾತ್ರವಲ್ಲ, ಆ ಸೀಟಿನಲ್ಲಿ ಕೂತ ಯಾರಿಗೂ ಬೇರೆ ದಾರಿ ಇರಲಿಲ್ಲ. ದೀಪ ಹಾಕದೆ ಕೀಗೆ ಕೈಹಾಕಿದ ಮೆಕ್ಯಾನಿಕನೊಬ್ಬನ ಮಣಿಕಟ್ಟನ್ನು ಅವನು ಕಳ್ಳನನ್ನು ಹಿಡಿದಂತೆ ಹಿಡಿದದ್ದನ್ನು ನಾನೇ ನೋಡಿದ್ದೇನೆ.

ಚಿಕಿತ್ಸೆ ಶುರುವಾದದ್ದು ಕುಂದಾಪುರದಲ್ಲಿ. ಅಲ್ಲಿಯ ಎಲೆಕ್ಟ್ರಿಷಿಯನ್ ಸುಮಾರು ನನ್ನದೇ ಪ್ರಾಯದವನು. ಯಾವ ಲಾರಿ ಬಂದರೂ ಮೊದಲು ಅದನ್ನು, ಆಮೇಲೆ ಅದರ ಮಾಲಿಕನನ್ನು ಕರುಣೆಯಿಂದ ನೋಡುವ ಅಭ್ಯಾಸ ಅವನಿಗೆ.

"ಹ್ವಾಯ್, ಇದ್ ಸೆನ್ಸರೇ. ಎಂತ ಸಂಶಯವೂ ಇಲ್ಲೆ."

"ಕಾಣ್ದೇ ಹೇಳ್ತ್ಯಲ್ಲ ಮಾರಾಯ?"

"ಕಂಡ್ ಹೇಳುದ್ ಹೊಸಬ್ರ್."

ಹೊಸ ಸೆನ್ಸರ್ ಬಂತು. ಅವನೇ ಹತ್ತಿ, ದೇವರ ದೀಪ ಹಾಕಿ, ಊರ ತುದಿಯ ಸಂಗಮದವರೆಗೆ ಓಡಿಸಿಕೊಂಡು ಬಂದ. ಸೊನ್ನೆ. ಹೊಸ ಸೆನ್ಸರೇ ಹಾಳಿರಬೇಕೆಂದು ಇನ್ನೊಂದು ಹೊಸದು ತರಿಸಿದ. ಮತ್ತೆ ದೀಪ, ಮತ್ತೆ ಸಂಗಮ, ಮತ್ತೆ ಸೊನ್ನೆ. ಟೆಸ್ಟರ್ ಹಿಡಿದು ಎಲ್ಲ ಕಡೆ ಚುಚ್ಚಿ ನೋಡಿದ. ಚುಚ್ಚಿದಲ್ಲೆಲ್ಲ ಕರೆಂಟು ಒಳ್ಳೆಯ ಸಂಸಾರಸ್ಥನಂತೆ ಹಾಜರಿತ್ತು.

"ಹಂಗಾರ್ ಮೀಟ್ರೇ," ಎಂದ. "ನಾನ್ ಆಗ್ಳೇ ಹೇಳಿದ್ದೆ."

"ನೀ ಹೇಳಿದ್ದ್ ಸೆನ್ಸರ್."

"ಬಾಯಲ್ಲ್ ಹೇಳಿದ್ದ್ ಸೆನ್ಸರ್. ಮನ್ಸಲ್ಲ್ ಮೀಟ್ರೇ ಇದ್ದಿತ್ತ್."

ಅವನ ಮನಸ್ಸಿನಲ್ಲಿದ್ದ ಮೀಟರನ್ನು ಬಿಚ್ಚಿಸಿಕೊಂಡು ನಾವು ಬ್ರಹ್ಮಾವರಕ್ಕೆ ಹೋದೆವು. ಅಲ್ಲಿ ಮೀಟರ್ ರಿಪೇರಿಗೆ ಹೆಸರಾದ ಒಬ್ಬರು ಹಿರಿಯರಿದ್ದರು. ಕತ್ತಿನಲ್ಲಿ ಶಿಲುಬೆಯ ಸರ, ಮೂಗಿನ ತುದಿಯಲ್ಲಿ ಕನ್ನಡಕ. ಮೀಟರನ್ನು ಮೇಜಿನ ಮೇಲಿಟ್ಟು ಎರಡು ವಯರು ಮುಟ್ಟಿಸಿದ್ದೇ ತಡ, ಮುಳ್ಳು ಚಂಗನೆ ಎದ್ದು ನೂರು ದಾಟಿತು. ನಮ್ಮ ಲಾರಿ ತನ್ನ ಆಯುಷ್ಯದಲ್ಲಿ ಕಾಣದ ವೇಗವನ್ನು ಅದರ ಮೀಟರು ಮೇಜಿನ ಮೇಲೆ ಕೂತು ಕಂಡಿತು. ಸಂತೋಷದಿಂದ ಅದನ್ನು ವಾಪಸು ಕೂಡಿಸಿ ಅವರೇ ಪರೀಕ್ಷೆಗೆ ಹತ್ತಿದರು. ಮೊದಲು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ನನ್ನ ಡ್ರೈವರನ ಮುಖ ನೋಡಿ, ಬಹಳ ಸೌಜನ್ಯದಿಂದ ಗಣಪತಿಯ ದೀಪವನ್ನೂ ಹಾಕಿದರು. ಬಾರ್ಕೂರು ರಸ್ತೆಯಲ್ಲಿ ಅಷ್ಟು ದೂರ ಹೋಗಿ ಬಂದೆವು. ಇಬ್ಬರು ದೇವರ ಸಮ್ಮುಖದಲ್ಲಿ ಮುಳ್ಳು ಅಲುಗಲಿಲ್ಲ.

"ನಿಮ್ಮ ಮೀಟರ್ ಒಳ್ಳೇದುಂಟು," ಎಂದರು ಇಳಿಯುತ್ತ. "ಲಾರಿ ಒಳ್ಳೇದಿಲ್ಲ."

ಮೂರನೆಯವನು ಬೈಂದೂರಿನ ಎಲೆಕ್ಟ್ರಿಷಿಯನ್. ಕ್ಯಾಬಿನ್ನಿನ ನೆಲ ಬಿಚ್ಚಿ, ಸೆನ್ಸರಿನಿಂದ ಮೀಟರಿನವರೆಗೆ ಹೊಸ ವಯರು ಎಳೆದು, ಡ್ರೈವರ್ ದೀಪ ಹಾಕಿ ಓಡಿಸಿ ತಂದು ತೋರಿಸಿದ ಸೊನ್ನೆಯನ್ನು ಬಹಳ ಹೊತ್ತು ನೋಡಿ, "ಒಂದ್ ಪೂಜೆ ಮಾಡ್ಸಿ," ಎಂದು ಕೈತೊಳೆದುಕೊಂಡ.

ಇಷ್ಟರಲ್ಲಿ ಏಪ್ರಿಲ್ ಮುಗಿಯುತ್ತ ಬಂದಿತ್ತು. ನಾನು ಊಟಕ್ಕೆ ಕೂತರೂ ಮುಳ್ಳಿನ ಮಾತು, ಎದ್ದರೂ ಮುಳ್ಳಿನ ಮಾತು. ಮನೆಯವಳು ಒಂದು ದಿನ ಸಾರು ಬಡಿಸುತ್ತ, "ಅದ್ ಸುಳ್ಳ್ ಹೇಳ್ತ್ ಅಂತ ಎಂತಕ್ಕೆ ಎಣ್ಸುದ್? ಇಷ್ಟ್ ತಿಂಗ್ಳ್ ತಿರ್ಗಿಯೂ ನೀವ್ ಎಲ್ಲಿಗೂ ಮುಟ್ಲಿಲ್ಲ. ಸೊನ್ನೆ ಸರಿಯೇ ಇತ್ತ್," ಎಂದಳು.

ಆಗ ಡ್ರೈವರನ ಹೆಂಡತಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಸೀಸನ್ನಿನ ನಡುವೆ ರಜೆ ಕೇಳಲು ಸಂಕೋಚಪಟ್ಟು ಎರಡೇ ದಿನಕ್ಕೆ ಅವನು ಕೆಲಸಕ್ಕೆ ಬಂದ. ಆದರೆ ಚಪ್ಪಲಿ ಕಳಚಿ ಹತ್ತಿದವನು ದೀಪದ ಸ್ವಿಚ್ಚಿನ ಹತ್ತಿರ ಕೈ ಒಯ್ದು, ಬಿಸಿ ತಾಗಿದಂತೆ ಹಿಂದೆ ಎಳೆದುಕೊಂಡ.

"ಅಮೆ ಅಲ್ದಾ ಧಣಿಗಳೇ. ದೇವ್ರದ್ದ್ ಎಂತದೂ ಮುಟ್ಟೂಕಾಗ."

ಹೆರಿಗೆಯ ಮೈಲಿಗೆಗೆ ನಮ್ಮಲ್ಲಿ ಅಮೆ ಎನ್ನುತ್ತಾರೆ. ಪುಣ್ಯಾಹ ಆಗುವವರೆಗೆ ಮಗುವಿನ ತಂದೆ ದೇವರ ದೀಪ ಮುಟ್ಟುವಂತಿಲ್ಲ. ಪಟಕ್ಕೆ ಕಣ್ಣಿನಲ್ಲೇ ಕ್ಷಮೆ ಕೇಳಿ ಅವನು ಲಾರಿ ಹೊರಡಿಸಿದ. ನಾವುಂದಕ್ಕೆ ಹಂಚಿನ ಲೋಡು. ನಾನು ಪಕ್ಕದ ಸೀಟಿನಲ್ಲಿ. ತ್ರಾಸಿ ಹತ್ತಿರ ಬರುವಾಗ ಅವನ ದನಿ ಒಂದು ಥರ ಆಯಿತು.

"ಧಣಿಗಳೇ. ಕಾಣಿ."

ಮುಳ್ಳು ಎದ್ದು ನಿಂತಿತ್ತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದ ರೋಗಿ ಅಂಗಳದಲ್ಲಿ ನಡೆದಾಡುವುದನ್ನು ಕಂಡಂತೆ ನಾವಿಬ್ಬರೂ ಬಾಯಿಬಿಟ್ಟು ನೋಡಿದೆವು.

"ಅರ್ವತ್ತ್!" ಎಂದು ಅವನು ಉಸುರಿದ. "ನಾವ್ ದಿನಾ ಇಷ್ಟ್ ಜೋರ್ ಹೋಪ್ದಾ?" ಎಂದವನೇ ಕಾಲು ತೆಗೆದ. ಹಿಂಬಾಗಿಲು ಗಡಗಡದಿಂದ ಕಟಕಟಕ್ಕೆ ಇಳಿಯಿತು. ಆಮೇಲೆ ಅವನ ಮುಖ ಅರಳಿತು. "ನನ್ ಮಗಳ ಕಾಲ್ಗುಣ ಧಣಿಗಳೇ, ಬೇರೆ ಎಂತ ಅಲ್ಲ!"

ಮೂರು ಊರಿನ ಪರಿಣತರು ಸೋತ ಕೆಲಸವನ್ನು ಆಸ್ಪತ್ರೆಯ ತೊಟ್ಟಿಲಲ್ಲಿ ಮಲಗಿ, ಕಣ್ಣು ಕೂಡ ಸರಿಯಾಗಿ ಬಿಡದ ಕೂಸು ಮಾಡಿ ಮುಗಿಸಿದೆ ಎಂದಾದರೆ ನನ್ನದೇನು ತಕರಾರು? ಮರುದಿನವೂ ಮುಳ್ಳು ಎದ್ದಿತು, ಅದರ ಮರುದಿನವೂ. ಏಜೆಂಟನಿಗೆ ಫೋನು ಮಾಡಿ ಎಫ್‌ಸಿಗೆ ದಿನ ಗೊತ್ತುಮಾಡಿಸಿದೆ. ಡ್ರೈವರನ ಅಪೇಕ್ಷೆಯಂತೆ ಪುಣ್ಯಾಹದ ಮರುದಿನವೇ.

ಆ ಬೆಳಿಗ್ಗೆ ಅವನು ಲಾರಿಯನ್ನು ತೊಳೆದು, ಹಟ್ಟಿಯಂಗಡಿಗೆ ಹೋಗಿ ಕಾಯಿ ಒಡೆಸಿ, ಹೂವು ತಂದು ಪಟಕ್ಕೆ ಮುಡಿಸಿ, ಅಷ್ಟು ದಿನ ಕತ್ತಲಲ್ಲಿದ್ದ ದೇವರಿಗೆ ದೀಪ ಹಾಕಿದ. ದಾರಿಯಲ್ಲಿ ನಾನು ಮೀಟರಿನ ಕಡೆ ನೋಡಲಿಲ್ಲ. ಗುಣವಾದ ರೋಗಿಯನ್ನು ದಿಟ್ಟಿಸಿ ನೋಡಬಾರದು ಎಂಬ ಎಚ್ಚರಿಕೆಯಿಂದ. ಅವನೂ ಅದೇ ಕಾರಣಕ್ಕೆ ನೋಡಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಉರಿಯುತ್ತಿದ್ದ ದೀಪವನ್ನು ಹಾಗೆಯೇ ಬಿಟ್ಟು ಲಾರಿಯನ್ನು ಆಫೀಸರ ವಶಕ್ಕೆ ಒಪ್ಪಿಸಿದೆವು. ಅವರು ಘಟ್ಟದ ಮೇಲಿನವರು. ಹತ್ತಿ, ಒಂದು ಸುತ್ತು ಓಡಿಸಿ, ತಂದು ನಿಲ್ಲಿಸಿ ನನ್ನನ್ನು ಕರೆದರು.

"ಏನ್ರೀ ಇದು, ಸತ್ತೇ ಹೋಗಿದೆಯಲ್ಲ?"

"ನಿನ್ನೆವರೆಗೆ ಜೀವ ಇತ್ತು ಸಾರ್."

"ಜೀವ ಬಂದ ಮೇಲೆ ಕರ್ಕೊಂಡು ಬನ್ನಿ," ಎಂದು ಅವರು ನಿಜಕ್ಕೂ ಊಟಕ್ಕೆ ಹೊರಟರು.

ಹಳೆಯ ಎಫ್‌ಸಿಗೆ ಉಳಿದಿದ್ದ ಆಯುಷ್ಯ ಒಂದು ವಾರಕ್ಕಿಂತ ಕಡಿಮೆ. ಮಾಡು ಕಳಚಿ ಕೂತ ಗಿರಾಕಿಗಳು ದಿನಾ ಫೋನು ಮಾಡುತ್ತಿದ್ದರು. ಆ ಸಂಜೆ ನಾನು ಯಾರ ಯಾರ ಮೇಲೆ ಕೂಗಾಡಿದೆ ಎಂಬುದನ್ನು ಇಲ್ಲಿ ಬರೆದು ಕಾಗದ ತುಂಬಿಸುವುದಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ನಾವುಂದದ ಲೋಡಿನೊಂದಿಗೆ ಹೊರಟಾಗ, ಮುಳ್ಳು ಯಥಾಸ್ಥಾನದಲ್ಲಿತ್ತು. ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ಉರಿಯುವ ತಲೆಯ ನಾನು.

"ಅಮೆ ಇಪ್ಪ ಹೊತ್ತಿಗೆ ನೀ ಲಾರಿಗೆ ಎಂತ ಮಾಡಿದ್ದೆ ಮಾರಾಯ? ಸರಿಯಾಗ್ ನೆನ್ಪ್ ಮಾಡ್."

"ಎಂತ ಮಾಡ್ಲಿಲ್ಲ. ಅಮೆಯಲ್ಲ್ ಎಂತ ಮಾಡೂಕಾತ್ತ್? ದೇವ್ರ ದೀಪ ಸೈತ..."

ಅಲ್ಲಿಗೆ ಅವನ ಮಾತು ನಿಂತಿತು. ನಾವಿಬ್ಬರೂ ಒಟ್ಟಿಗೆ ಆ ಕೆಂಪು ಬಲ್ಬನ್ನು ನೋಡಿದೆವು.

"ಆರ್ಸ್," ಎಂದೆ.

"ಎಂತ ಹೇಳ್ತ್ರಿ ಧಣಿಗಳೇ! ಈಗ ಶುದ್ಧ ಇದ್ದೂ ಆರ್ಸುದಾ?"

ನಾನೇ ಕೈಚಾಚಿ ಸ್ವಿಚ್ಚು ಒತ್ತಿದೆ. ಮುಳ್ಳು ಸಟ್ಟನೆ ಎದ್ದು ನಲವತ್ತೈದಕ್ಕೆ ಹೋಯಿತು. ಮತ್ತೆ ದೀಪ ಹಾಕಿದೆ. ಸೊನ್ನೆ. ಆರಿಸಿದೆ. ನಲವತ್ತೈದು. ಅವನು ಲಾರಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ.

"ಧಣಿಗಳೇ, ಇದನ್ ಯಾರತ್ರವೂ ಹೇಳ್ಬೇಡಿ."

"ಎಂತಕ್ಕೆ?"

"ದೇವ್ರೇ ಮೀಟರ್ ಹಿಡ್ಕಂಡ್ ಕೂತಿದ್ರ್ ಅಂದ್ರೆ ಊರಲ್ಲ್ ಎಂತ ಹೇಳುರ್?"

"ದೇವ್ರಲ್ಲ ಮಾರಾಯ, ವಯರ್."

"ವಯರ್ ಯಾರ್ದ್? ದೇವ್ರದ್ದೇ ಅಲ್ದಾ?"

ಎಫ್‌ಸಿಯ ದಿನ ದೀಪ ಆರಿಸಿಕೊಂಡು ಹೋದರೆ ಸಾಕಲ್ಲ ಎಂದು ನಾನು ಸೂಚಿಸಿದೆ. ಬೇರೆ ದಿನವಾದರೂ ಆಗಬಹುದಿತ್ತು, ಪರೀಕ್ಷೆಯ ದಿನವೇ ದೇವರನ್ನು ಕತ್ತಲಲ್ಲಿ ಕೂರಿಸುವುದಾದರೆ ನೀವೇ ಓಡಿಸಿಕೊಂಡು ಹೋಗಿ ಎಂದ ಡ್ರೈವರ್. ನನಗೆ ಲಾರಿ ಓಡಿಸಲು ಬರುವುದಿಲ್ಲ. ಹಂಚು ಇಳಿಸಿ ಸೀದಾ ಕುಂದಾಪುರಕ್ಕೆ ಬಂದೆವು.

ಎಲೆಕ್ಟ್ರಿಷಿಯನ್ ಈ ಸಲ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದ. ಮೀಟರಿನಿಂದ ಕರೆಂಟು ವಾಪಸು ಹೋಗುವ ಅರ್ತಿಂಗ್ ವಯರೂ ಬಲ್ಬಿನ ಅರ್ತಿಂಗ್ ವಯರೂ ಒಂದೇ ಸ್ಕ್ರೂವಿನ ಅಡಿಯಲ್ಲಿದ್ದವು. ಆ ಸ್ಕ್ರೂ ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆ ಎರಡನ್ನೂ ತಿಂದು ತುಕ್ಕು ಹಿಡಿದಿತ್ತು. ಮೀಟರ್ ಒಂದೇ ಇದ್ದಾಗ ಆ ತುಕ್ಕಿನ ಸಂದಿಯಲ್ಲಿ ಹೇಗೋ ನುಸುಳುತ್ತಿದ್ದ ಕರೆಂಟು, ಬಲ್ಬು ಉರಿದಾಗ ಜಾಗ ಸಿಗದೆ ಮೀಟರಿನ ಲೆಕ್ಕವನ್ನೇ ಕೆಡಿಸುತ್ತಿತ್ತು. ಟೆಸ್ಟರ್ ಹಿಡಿಯುವಾಗ ಲಾರಿ ನಿಂತಿರುತ್ತಿತ್ತು, ದೀಪ ಆರಿರುತ್ತಿತ್ತು. ಆಗ ಎಲ್ಲವೂ ಸರಿ. ಓಡಿಸುವಾಗ ದೀಪ ಹಾಕದವರು ಈ ಮೂರು ಊರಿನಲ್ಲಿ ಒಬ್ಬರೂ ಇರಲಿಲ್ಲ.

"ನಾನ್ ಆಗ್ಳೇ ಹೇಳಿದ್ದೆ," ಎಂದ ಅಡಿಯಿಂದಲೇ. "ಅರ್ತಿಂಗ್ ಅಂತ."

"ಬಾಯಲ್ಲಾ, ಮನ್ಸಲ್ಲಾ?"

"ಮನ್ಸಲ್ಲ್."

ದೇವರಿಗೆ ಬೇರೆಯೇ ವಯರು, ಬೇರೆಯೇ ಸ್ಕ್ರೂ ಆಯಿತು. ಎರಡನೆಯ ಸಲ ಆಫೀಸರು ಹತ್ತಿದಾಗ ನಾವಿಬ್ಬರೂ ಕೆಳಗೆ ನಿಂತಿದ್ದೆವು. ಲಾರಿ ನಿಲ್ಲಿಸಿದಾಗ ಡ್ರೈವರ್ ಅಭ್ಯಾಸಬಲದಿಂದ ದೀಪ ಆರಿಸಿಯೇ ಇಳಿದಿದ್ದ. ಆಫೀಸರು ಕೀಗೆ ಕೈ ಹಾಕುವ ಮುನ್ನ ಒಂದು ಕ್ಷಣ ತಡೆದು, ಪಟ ನೋಡಿ, ತಾವಾಗಿಯೇ ದೀಪದ ಸ್ವಿಚ್ಚು ಒತ್ತಿದರು. ಡ್ರೈವರ್ ನನ್ನ ತೋಳು ಹಿಡಿದುಕೊಂಡ. ಲಾರಿ ಹೋಯಿತು, ತಿರುಗಿತು, ಬಂತು. ಆಫೀಸರು ಇಳಿದು, "ಜೀವ ಬಂದಿದೆ," ಎಂದು ಸಹಿ ಹಾಕಿದರು.

ಮಳೆಗೆ ಇನ್ನೂ ಮೂರು ವಾರ ಇತ್ತು. ಬಾಕಿ ಲೋಡುಗಳನ್ನೆಲ್ಲ ಅಷ್ಟರಲ್ಲಿ ಮುಟ್ಟಿಸಿಬಿಡೋಣ ಎಂದು ಮರುದಿನ ಬೆಳಿಗ್ಗೆಯೇ ಹತ್ತಿ ಕೂತೆ. ದೀಪ ಉರಿಯಿತು, ಕೀ ತಿರುಗಿತು, ಮುಳ್ಳು ಎದ್ದಿತು. ತ್ರಾಸಿ ಬಂತು. ಸಾಕಷ್ಟು ತಡವಾಗಿಯೇ ಬಂತು. ನಮ್ಮನ್ನು ಒಂದು ಸೈಕಲ್ಲು ಹಿಂದೆ ಹಾಕಿ ಹೋಗದಿದ್ದದ್ದು ಆ ಸೈಕಲ್ಲಿನವನ ಮರ್ಯಾದೆ.

"ಎಂತ ಮಾರಾಯ, ಸ್ವಲ್ಪ ಬಿಡ್. ನಾವುಂದದವ್ರ್ ಮಾಡ್ ಬಿಚ್ಚಿ ಕೂತಿದ್ರ್."

"ಬ್ಯಾಡ ಧಣಿಗಳೇ," ಎಂದ, ಮೀಟರಿನಿಂದ ಕಣ್ಣು ತೆಗೆಯದೆ. "ಅರ್ವತ್ತ್ ಅಂದ್ರೆ ಎಷ್ಟ್ ಜೋರ್ ಅಂತ ಗೊತ್ತಿಲ್ದೆ ಓಡ್ಸುದ್ ಬೇರೆ, ಗೊತ್ತಿದ್ದ್ ಓಡ್ಸುದ್ ಬೇರೆ. ಈಗ ಮನೇಲಿ ಮಗು ಇತ್ತ್."

ಹಿಂಬಾಗಿಲಿನಿಂದ ಗಡಗಡವಿಲ್ಲ, ಕಟಕಟವಿಲ್ಲ. ನಾನು ಎರಡು ಸಲ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ಬಾಗಿಲು ಅಲ್ಲೇ ಇತ್ತು. ಮುಳ್ಳು ಮೂವತ್ತರ ಮೇಲೆ ಪದ್ಮಾಸನ ಹಾಕಿ ಕೂತಿತ್ತು.